ಅಬ್ಬನ ಸಲಾಮು, ಗೂಡಿನ ರೇಟು

ಮಾತನ್ನು ಮುಗಿಸುವುದು ಹೇಗೆಂದು ತನಗೆ ಗೊತ್ತಿಲ್ಲ ಎಂಬುದನ್ನು ಭಾನುಪ್ರಿಯ ತನಗೆ ತಾನೇ ಒಪ್ಪಿಕೊಂಡದ್ದು ರಾಮನಗರದ ಬಸ್‌ಸ್ಟ್ಯಾಂಡಿನಲ್ಲಿ, ಮಾಗಡಿ ಬಸ್ಸಿಗೆ ಕಾಯುತ್ತ ನಿಂತಿದ್ದ ಒಂದು ಶನಿವಾರ. ಡಿಗ್ರಿ ಮುಗಿಸಿ ಸೈಬರ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿ ವರ್ಷವಾಗುತ್ತ ಬಂದಿತ್ತು. ಕಂಪ್ಯೂಟರಿನ ಚಾಟಿಂಗಿನಲ್ಲಿ ಮಾತು ಶುರು ಮಾಡುವುದು ಅವಳಿಗೆ ಎಂದೂ ಕಷ್ಟವಾಗಿರಲಿಲ್ಲ, ಎದುರಿನವರೇ ಶುರು ಮಾಡುತ್ತಿದ್ದರು. ಮುಗಿಸಲು ಬರುತ್ತಿರಲಿಲ್ಲ. 'ಬೈ' ಅಂದರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. 'ಟೇಕ್ ಕೇರ್' ಬದಲು 'ಟಿಸಿ' ಎಂದು ಎರಡಕ್ಷರ ಕುಟ್ಟಿದರೆ ಜೋಪಾನ ಅನ್ನುವುದಕ್ಕೂ ಸೋಮಾರಿತನ. ಊರಲ್ಲಾದರೆ 'ಬತ್ತೀನಿ' ಅಂದು ಸೆರಗು ಸರಿಮಾಡಿಕೊಂಡು ಎದ್ದರೆ ಆಯಿತು. ಕುರ್ಚಿಯಿಂದ ಏಳದೆ ಕೂತವಳು ಎಲ್ಲಿಂದ ಎಲ್ಲಿಗೆ ಬರುತ್ತಾಳೆ? ಹಾಗಾಗಿ ಅವಳು ಏನೂ ಬರೆಯದೆ, ಎದುರಿನವರ ಹೆಸರಿನ ಪಕ್ಕದ ಹಳದಿ ಮುಖ ಬೂದುಬಣ್ಣಕ್ಕೆ ತಿರುಗುವ ತನಕ ಕಾಯುತ್ತಿದ್ದಳು. ಡೈರಿ ಬರೆಯುವಾಗಲೂ ಅಷ್ಟೇ, ಒಂದು ದಿನದ ಪುಟವೂ ಸರಿಯಾಗಿ ಮುಗಿದದ್ದಿಲ್ಲ. ಇದೂ ಒಂದು ಚಿಂತೆಯೇ ಎಂದು ನಕ್ಕಾರೆಂದು ಯಾರಿಗೂ ಹೇಳಿರಲಿಲ್ಲ.

ಬೇರೆಯವರು ಹೇಗೆ ಮುಗಿಸುತ್ತಾರೆ ಎಂಬುದನ್ನು ಮಾತ್ರ ಗಮನವಿಟ್ಟು ನೋಡುತ್ತಿದ್ದಳು. ಟೈಪಿಂಗ್ ಬಾರದವರಿಗೆ ಪಕ್ಕದಲ್ಲಿ ಕೂತು ಕುಟ್ಟಿಕೊಡುವುದು ಅವಳ ಕೆಲಸದ ಭಾಗವೇ ಆಗಿತ್ತು. ಕಾಲೇಜು ಹುಡುಗರು ಮುಗಿಸುತ್ತಲೇ ಇರಲಿಲ್ಲ, ಗಂಟೆ ಮುಗಿದಾಗ ಕರೆಂಟು ಹೋದವರಂತೆ ಮಾಯವಾಗುತ್ತಿದ್ದರು. ಹಾರೋಹಳ್ಳಿಯ ಒಂದು ಫ್ಯಾಕ್ಟರಿಯ ಮರಿಯಪ್ಪ ಎಂಬಾತ ಚೆನ್ನೈಗೆ ತರಬೇತಿಗೆ ಹೋಗಿದ್ದ ಮಗಳಿಗೆ 'ಇಂತಿ, ಮರಿಯಪ್ಪ, ಕ್ವಾಲಿಟಿ ವಿಭಾಗ' ಎಂದೇ ಹಾಕಿಸುತ್ತಿದ್ದ. ಆದರೆ ತಾಜ್ ಪಾಷಾ ಅವರು ಮುಗಿಸುತ್ತಿದ್ದ ರೀತಿ ಇನ್ನಾರದೂ ಇರಲಿಲ್ಲ.

ತಾಜ್ ಪಾಷಾ ರೇಷ್ಮೆಗೂಡಿನಿಂದ ನೂಲು ತೆಗೆಯುವ ಬಿಚ್ಚಣಿಕೆಯವರು, ಊರಿನ ಮಾತಿನಲ್ಲಿ ರೀಲರು. ಅವರ ಒಡಹುಟ್ಟಿದ ತಮ್ಮನೇ ಸೈಬರ್ ಸೆಂಟರಿನ ಮಾಲೀಕ ಖಲಂದರ್. ತಾಜ್ ಪಾಷಾ ಅವರ ಮಗಳು ಮಹ್ವಿಶ್ ಕಾಲೇಜಿನಲ್ಲಿ ಮೂರು ವರ್ಷ ಭಾನುಪ್ರಿಯಳ ಪಕ್ಕದಲ್ಲೇ ಬೆಂಚಿನಲ್ಲಿ ಕೂತವಳು, ಈ ಕೆಲಸ ಕೊಡಿಸಿದವಳೂ ಅವಳೇ. ಮದುವೆಯಾಗಿ ಗಂಡ ಹುಸೇನ್ ಜೊತೆ ಬಹ್ರೇನಿಗೆ ಹೋಗಿದ್ದಳು. ಅವನಿಗೆ ಅಲ್ಲೊಂದು ಎಸಿ ರಿಪೇರಿ ಅಂಗಡಿಯಲ್ಲಿ ಕೆಲಸ. ಪ್ರತಿ ಶುಕ್ರವಾರ ಮಧ್ಯಾಹ್ನದ ಊಟ ಮುಗಿಸಿ ತಾಜ್ ಪಾಷಾ, ಹೆಂಡತಿ ಹಮೀದಾ, ಕಿರಿಮಗಳು ಮುನ್ನೀ ಸೆಂಟರಿಗೆ ಬರುತ್ತಿದ್ದರು. ಹಮೀದಾ ಅರ್ಧ ಉರ್ದು ಅರ್ಧ ಕನ್ನಡದಲ್ಲಿ ಹೇಳುತ್ತಿದ್ದಳು, ಭಾನುಪ್ರಿಯ ಅದನ್ನು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಕುಟ್ಟುತ್ತಿದ್ದಳು. ಕೊನೆಯಲ್ಲಿ ಮನೆಯವರ ಸಲಾಮು ಒಂದೊಂದಾಗಿ ಬರಬೇಕು. ಅಮ್ಮೀ ಸಲಾಮ್, ಚಾಚಾ ಸಲಾಮ್, ಮುನ್ನೀ ಸಲಾಮ್. ಒಬ್ಬರದು ಬಿಟ್ಟುಹೋದರೂ ಆ ಕಡೆಯಿಂದ ಅವರಿಗೇನಾಯಿತು ಎಂಬ ಪ್ರಶ್ನೆ ಬರುತ್ತಿತ್ತು.

ಅಲ್ಲಿಯ ತನಕ ಬಾಗಿಲ ಪಕ್ಕದ ಸ್ಟೂಲಿನಲ್ಲಿ, ಬೇಯಿಸಿದ ಗೂಡಿನ ವಾಸನೆ ಹೊತ್ತು ಸುಮ್ಮನೆ ಕೂತಿರುತ್ತಿದ್ದ ತಾಜ್ ಪಾಷಾ ಆಗ ಕೈ ಎತ್ತಿ ತಮ್ಮದೂ ಹಾಕಲು ಹೇಳುತ್ತಿದ್ದರು. 'ಅಬ್ಬನ ಸಲಾಮ್. ಗೂಡು ಇವತ್ತು ನೂರಾ ಮೂವತ್ತು. ಹೊಟ್ಟೆ ತುಂಬ ಉಣ್ಣು.' ಪ್ರತಿ ವಾರವೂ ಇದೇ, ಕಿಲೋದ ರೇಟು ಮಾತ್ರ ಬೇರೆ. ಮಹ್ವಿಶ್ ಹಲ್ಲು ಬಿಡುವ ಮುಖವೊಂದನ್ನು ಕಳಿಸುತ್ತಿದ್ದಳು. ಅಲ್ಲಿಗೆ ಮಾತು ಮುಗಿಯಿತು. ಭಾನುಪ್ರಿಯ ಎಂದೂ ಯಾರನ್ನೂ ಏನನ್ನೂ ಕೇಳುವವಳಲ್ಲ, ಆದರೂ ಒಂದು ಸಲ ಸಲಾಮಿನ ಜೊತೆ ರೇಟು ಯಾಕೆ ಎಂದು ಕೇಳಿಬಿಟ್ಟಿದ್ದಳು.

"ಇನ್ನೇನ್ ಹೇಳ್ಲಮ್ಮ?" ಎಂದಿದ್ದರು ತಾಜ್ ಪಾಷಾ. "ಚೆನ್ನಾಗಿವ್ನಿ ಅಂದ್ರೆ ನಂಬಾಕಿಲ್ಲ ಅವ್ಳು. ರೇಟ್ ಹೇಳುದ್ರೆ, ನಮ್ಮಬ್ಬ ಎದ್ದು ಮಾರ್ಕೆಟ್‌ಗೆ ಹೋಗವ್ನೆ, ಕಾಲು ಕೈ ಗಟ್ಟಿಯಾಗವೆ ಅಂತ ಅವ್ಳೇ ತಿಳ್ಕತಾಳೆ."

ಮಹ್ವಿಶ್ ಬಸುರಿಯಾದಾಗ ಅಪ್ಪ ಮಗಳ ನಡುವೆ ಸ್ವಲ್ಪ ಮುರಿಯಿತು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂದು ಅಪ್ಪ ಹಿಡಿದು ಕೂತರು. ಹುಸೇನನಿಗೆ ರಜೆ ಸಿಗಲಿಲ್ಲ, ಒಬ್ಬಳನ್ನೇ ವಿಮಾನ ಹತ್ತಿಸಲು ಅವನಿಗೆ ಧೈರ್ಯ ಬರಲಿಲ್ಲ. ತಾಜ್ ಪಾಷಾ ಎರಡು ಶುಕ್ರವಾರ ಸ್ಟೂಲಿನಿಂದ ಕೈ ಎತ್ತಲಿಲ್ಲ. ಮೂರನೆಯದಕ್ಕೆ ಗಂಟಲು ಸರಿಮಾಡಿಕೊಂಡು, ಎಲ್ಲೋ ನೋಡುತ್ತ, ತಮ್ಮ ಸಲಾಮನ್ನೂ ಹಾಕಲು ಹೇಳಿದರು. ಭಾನುಪ್ರಿಯ ಹಾಕಿದಳು. ಅದಾದ ಬುಧವಾರ ಬೆಳಿಗ್ಗೆ ಮಾರ್ಕೆಟ್ಟಿನಿಂದ ಗೂಡಿನ ಚೀಲ ಆಟೋದಲ್ಲಿ ತಂದು ಇಳಿಸಿ, ಎದೆ ಹಿಡಿದುಕೊಂಡು ಅಂಗಳದಲ್ಲೇ ಕೂತರು. ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ಮುಗಿದಿತ್ತು.

ಭಾನುಪ್ರಿಯ ಹೋಗಿ ನೋಡಿ ಬಂದಳು. ಬಿಳಿ ಬಟ್ಟೆ, ಹೊರಗೆ ಸಾಲು ಸಾಲು ಚಪ್ಪಲಿ, ಒಳಗೆ ಹಮೀದಾಳ ಏರಿಳಿಯದ ಒಂದೇ ಸಮನಾದ ದನಿ. ಅವಳಿಗೆ ಅಳು ಬರಲಿಲ್ಲ. ಅಳಬೇಕು ಎನಿಸಿತು, ಆದರೆ ಆ ಎನಿಸಿಕೆಯೂ ಬೇರೆ ಯಾರಿಗೋ ಆದದ್ದರಂತೆ ಇತ್ತು. ಸಂಜೆ ಅವಳು ಇಳಿದುಕೊಂಡಿದ್ದ ಸೋದರತ್ತೆ ಶಿವಲಿಂಗಮ್ಮನ ಮನೆಯಲ್ಲಿ ಎಂದಿನಂತೆ ಮುದ್ದೆ ಉಂಡಳು. ಸಾವಿನ ಮನೆಗೆ ಹೋಗಿ ಬಂದವಳು ತಲೆಗೆ ನೀರು ಹಾಕಿಕೊಳ್ಳಲಿಲ್ಲ ಎಂದು ಅತ್ತೆ ಗೊಣಗಿದಳು. ಮಾತಿನ ನಡುವೆ ಹಾರೋಹಳ್ಳಿ ಕಂಪನಿಗಳ ವ್ಯಾನು ಈಗ ಬೀದಿಯ ತುದಿಗೇ ಬರುತ್ತದೆಂದೂ, ಈ ಸೈಬರಿನ ಕೆಲಸ ಬಿಟ್ಟು ಅಲ್ಲಿಗಾದರೂ ಸೇರಬಾರದೇ ಎಂದೂ ಎಂದಿನಂತೆ ಕೇಳಿದಳು. ಅಲ್ಲಿ ಸೇರಬೇಕಾದರೆ ಇಂಟರ್‌ವ್ಯೂನಲ್ಲಿ ಬಾಯಿಬಿಟ್ಟು ಮಾತಾಡಬೇಕು. ಭಾನುಪ್ರಿಯ ತಲೆಯಾಡಿಸಿದಳು, ಅಷ್ಟೆ.

ಮಾರನೆಯ ದಿನ ಖಲಂದರ್ ಅವಳನ್ನು ಕೌಂಟರಿನ ಬಳಿ ಕರೆದು ಮನೆಯ ಹಿರಿಯರೆಲ್ಲ ಸೇರಿ ಮಾಡಿದ ತೀರ್ಮಾನ ತಿಳಿಸಿದ. ಬಸುರಿಗೆ ಸಾವಿನ ಸುದ್ದಿ ಮುಟ್ಟಿಸಬಾರದು. ಅಳಿಯನಿಗೆ ಫೋನಿನಲ್ಲಿ ಹೇಳಿಯಾಗಿದೆ, ಅವನೂ ಒಪ್ಪಿದ್ದಾನೆ. ಹೆರಿಗೆಯಾಗಿ ತಾಯಿ ಮಗು ಒಂದು ದಡ ಸೇರಲಿ, ಆಮೇಲೆ ನೋಡೋಣ. ಹಮೀದಾ ಇನ್ನು ನಾಲ್ಕು ತಿಂಗಳು ಇದ್ದತ್ತಿನಲ್ಲಿ, ಗಂಡ ಸತ್ತವಳು ಹೊಸಿಲು ದಾಟುವಂತಿಲ್ಲ. ಮಂಡಿನೋವು, ಮೆಟ್ಟಿಲು ಹತ್ತಲಾಗದು ಎಂದರಾಯಿತು. ಫೋನಿಗೂ ಅವಳನ್ನು ಬಿಡುವಂತಿಲ್ಲ, ದನಿ ಕೇಳಿದರೆ ಮಗಳಿಗೆ ಗೊತ್ತಾಗಿಬಿಡುತ್ತದೆ. ಟೈಪಿನಲ್ಲಾದರೆ ದನಿ ಇಲ್ಲ. ಆದ್ದರಿಂದ ಶುಕ್ರವಾರಗಳಂದು ಎಲ್ಲರ ಪರವಾಗಿ ಭಾನುಪ್ರಿಯಳೇ ಕೂರಬೇಕು.

"ನೀನು ಸುಳ್ಳೇನೂ ಹೇಳ್ಬೇಡಮ್ಮ," ಎಂದ ಖಲಂದರ್. "ಬರೀ ಸಲಾಮ್ ಹಾಕು, ಸಾಕು."

ಅವಳು ಹಾಕಿದಳು. ಶುಕ್ರವಾರ ಬೆಳಿಗ್ಗೆ ಸೆಂಟರಿಗೆ ಬರುವ ಮುಂಚೆ ಸುತ್ತು ಹಾಕಿ ಗೂಡಿನ ಮಾರ್ಕೆಟ್ಟಿಗೆ ಹೋಗುವುದು ರೂಢಿಯಾಯಿತು. ಒಳಗೆ ಹರಾಜಿನ ಗದ್ದಲ, ಉದ್ದಕ್ಕೂ ತಟ್ಟೆಗಳಲ್ಲಿ ಸುರಿದ ಹಳದಿ ಬಿಳಿ ಗೂಡು, ಗೂಡನ್ನು ಕಿವಿಯ ಹತ್ತಿರ ಅಲುಗಿಸಿ ನೋಡುವ ರೀಲರುಗಳು. ಅವಳಿಗೆ ಅದು ಹೊಸ ಜಾಗವಲ್ಲ. ಚಿಕ್ಕವಳಿದ್ದಾಗ ತನ್ನೂರು ಗುಡೇಮಾರನಹಳ್ಳಿಯಿಂದ ಅಪ್ಪ ರಾಮಲಿಂಗಯ್ಯನ ಜೊತೆ ಟೆಂಪೋದಲ್ಲಿ ಗೂಡಿನ ಮೂಟೆಗಳ ಮೇಲೆ ಕೂತು ಬಂದಿದ್ದಳು. ಬೋರ್ಡಿನ ಮೇಲೆ ಬರೆದ ರೇಟು ಓದಿಕೊಂಡು ಹೊರಬರುತ್ತಿದ್ದಳು. ಮಧ್ಯಾಹ್ನ ಅದನ್ನೇ ಬರೆಯುತ್ತಿದ್ದಳು. ಅಮ್ಮೀ ಸಲಾಮ್, ಚಾಚಾ ಸಲಾಮ್, ಮುನ್ನೀ ಸಲಾಮ್, ಅಬ್ಬನ ಸಲಾಮ್. ಮೊದಲ ಸಲ ಆ ಕೊನೆಯ ಎರಡು ಪದ ಬರೆಯುವಾಗ ಏನೋ ಆದೀತು ಎಂದು ಕಾದಳು. ಏನೂ ಆಗಲಿಲ್ಲ. ಕುದಿನೀರಿನಲ್ಲಿ ಕೈ ಅದ್ದಿ ಎಳೆಯ ತುದಿ ಹುಡುಕುವ ಬಿಚ್ಚಣಿಕೆ ಹೆಂಗಸರ ಬೆರಳುಗಳಿಗೆ ಕೆಲವು ತಿಂಗಳಾದ ಮೇಲೆ ಬಿಸಿಯೇ ತಿಳಿಯುವುದಿಲ್ಲವಂತೆ. ಅವಳ ಬೆರಳುಗಳೂ ಹಾಗೆಯೇ ಓಡಿದವು. ಆ ಕಡೆಯಿಂದ ಹಲ್ಲು ಬಿಡುವ ಮುಖ ಬಂತು.

ವಾರಗಳು ಹೋದವು. ಮಹ್ವಿಶ್ ಕಾಲು ಊದಿದ್ದನ್ನು ಬರೆದಳು, ಅಲ್ಲಿ ಸಿಗುವ ಮಾವಿನಕಾಯಿ ಹುಳಿಯಿಲ್ಲ ಎಂದು ಬರೆದಳು, ಅಮ್ಮೀಯ ಮಂಡಿಗೆ ಯಾವ ಎಣ್ಣೆ ಹಚ್ಚಬೇಕೆಂದು ಬರೆದಳು. ಭಾನುಪ್ರಿಯ ಆಯಿತು ಎಂದಳು. ಯಾಕೋ ಈ ನಡುವೆ ಆ ನಗುವ ಮುಖ ತಡವಾಗಿ ಬರುತ್ತಿತ್ತು. ನೆಟ್ಟು ನಿಧಾನವಿರಬಹುದು ಎಂದುಕೊಂಡಳು.

ಗೂಡಿನ ರೇಟು ಒಮ್ಮೆಲೇ ಏರಿದ ವಾರ ಮಾರ್ಕೆಟ್ಟಿನ ಗೇಟಿನಲ್ಲೇ ರೈತರು ಒಬ್ಬರ ಬೆನ್ನಿಗೊಬ್ಬರು ತಟ್ಟಿಕೊಂಡು ನಗುತ್ತಿದ್ದರು. ಇಂಥ ದಿನ ಅಪ್ಪ ಊರಿಗೆ ಮರಳುವಾಗ ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ ಇರುತ್ತಿದ್ದದ್ದು ಅವಳಿಗೆ ನೆನಪಾಯಿತು. ತಿಂಗಳುಗಳಲ್ಲಿ ಮೊದಲ ಸಲ ಒಳಗೆ ಏನೋ ಒಸಿ ಅಲುಗಿದಂತಾಯಿತು. ಮಧ್ಯಾಹ್ನ ಅದೇ ಗುಂಗಿನಲ್ಲಿ ಬರೆದಳು: 'ಅಬ್ಬನ ಸಲಾಮ್. ಗೂಡು ಇವತ್ತು ನೂರಾ ಎಂಬತ್ತಕ್ಕೆ ಏರೈತೆ, ಅಬ್ಬಂಗೆ ಬಾಳ ಖುಷಿ. ಹೊಟ್ಟೆ ತುಂಬ ಉಣ್ಣು.'

ನಗುವ ಮುಖ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಪದ ಬಂತು.

'ಖುಷಿನಾ?'

ಮತ್ತೊಂದು ಸಾಲು ಬಂತು.

'ನಮ್ಮಬ್ಬ ಗೂಡು ಕೊಳ್ಳೋರು ಕಣೆ. ಮಾರೋರು ನಿಮ್ಮಪ್ಪ.'

ರೇಟು ಏರಿದ ದಿನ ತಾಜ್ ಪಾಷಾ ಹೇಗಿರುತ್ತಿದ್ದರು ಎಂಬುದು ಈಗ ಭಾನುಪ್ರಿಯಳ ಕಣ್ಣಿಗೆ ಕಟ್ಟಿತು. ಸ್ಟೂಲಿನಲ್ಲಿ ಮುಖ ಗಂಟು ಹಾಕಿಕೊಂಡು, ರೈತರನ್ನೂ ಸರ್ಕಾರವನ್ನೂ ಸೇರಿಸಿ ಬಯ್ದು, ಆ ಬೈಗುಳ ಬಿಟ್ಟು ಬರಿಯ ರೇಟು ಹಾಕು ಎನ್ನುತ್ತಿದ್ದರು. ತಾನು ಅಷ್ಟು ವಾರ ಅವರ ಹೆಸರಿನಲ್ಲಿ ಗುಡೇಮಾರನಹಳ್ಳಿಯ ರಾಮಲಿಂಗಯ್ಯನ ಮಗಳಾಗಿ ಬರೆದಿದ್ದಳು.

ಮಹ್ವಿಶ್ ಈಗ ನಿಲ್ಲಿಸಲಿಲ್ಲ. ಅಬ್ಬ ಸೆಂಟರಿಗೆ ಬರುತ್ತಿಲ್ಲ ಎಂದು ತನಗೆ ಕೆಲವು ವಾರಗಳಿಂದಲೇ ಅನುಮಾನ, ನೆಟ್ಟಿನ ಪೇಪರಿನಲ್ಲಿ ಬರುವ ಬೋರ್ಡಿನ ರೇಟೇ ಇಲ್ಲೂ ಬರುತ್ತಿದೆ, ಅಬ್ಬ ಹೇಳುತ್ತಿದ್ದುದು ತಾವು ಕೊಂಡ ರೇಟನ್ನು ಎಂದು ಬರೆದಳು. ತಾನು ಹೆರಿಗೆಗೆ ತವರಿಗೆ ಬರಲಿಲ್ಲ ಎಂಬ ಕೋಪ ಅವರಿಗೆ ಇನ್ನೂ ಇಳಿದಿಲ್ಲ ಎಂದು ಬರೆದಳು. ನನ್ನ ಮೇಲಿನ ಸಿಟ್ಟಿಗೆ ಸಲಾಮನ್ನೂ ಕೊಡುವುದಿಲ್ಲ ಎಂದಿದ್ದಾರೆ, ನೀವೆಲ್ಲ ಸೇರಿ ನನ್ನನ್ನು ಸಮಾಧಾನ ಮಾಡಲು ಸುಳ್ಳು ಸಲಾಮು ಕಳಿಸುತ್ತಿದ್ದೀರಿ. ಸಾಲಿನ ಮೇಲೆ ಸಾಲು ಬರುತ್ತಿತ್ತು. ಕೊನೆಗೆ ಇಷ್ಟು: 'ಅವರಿಗೆ ನಾನು ಬೇಡ ಅಂದ್ರೆ ನಂಗೂ ಬೇಡ. ಮಗು ಆದ್ರೂ ಹೇಳಲ್ಲ.'

ಖಲಂದರ್ ಯಾವಾಗ ಬಂದು ಬೆನ್ನ ಹಿಂದೆ ನಿಂತನೋ ಅವಳಿಗೆ ತಿಳಿಯಲಿಲ್ಲ. ಅವನು ಎಲ್ಲವನ್ನೂ ಓದಿದ. ಟೋಪಿ ತೆಗೆದು ತಲೆ ಸವರಿಕೊಂಡ.

"ಕೋಪ ಅಂತ್ಲೇ ಹಾಕಮ್ಮ," ಎಂದ ಮೆಲ್ಲಗೆ.

ಅವಳು ತಿರುಗಿ ನೋಡಿದಳು.

"ಕೋಪ ಆದ್ರೆ ಇವತ್ತಲ್ಲ ನಾಳೆ ಇಳೀತದೆ ಅಂತ ಇರ್ತಾಳೆ. ಅದು ಬಿಟ್ಟು ಇನ್ನೊಂದ್ ಗೊತ್ತಾದ್ರೆ ಆ ದೇಶದಲ್ಲಿ ಅವಳನ್ನ ಹಿಡ್ಕಳೋರು ಯಾರವ್ರೆ? ಹೌದು, ಕೋಪ ಮಾಡ್ಕಂಡವ್ರೆ ಅಂತ ಹಾಕ್ಬುಡು."

ಭಾನುಪ್ರಿಯ 'ಹೌದು' ಎಂದು ಬರೆದಳು. ಒತ್ತಬೇಕಾದ ಕೀಲಿಯನ್ನು ಒತ್ತಲಿಲ್ಲ. ಖಲಂದರ್ ಹೇಳುವುದರಲ್ಲಿ ತಪ್ಪೇನೂ ಕಾಣಲಿಲ್ಲ. ಅವನ ಕಣ್ಣೂ ಕೆಂಪಾಗಿತ್ತು, ಅಣ್ಣನನ್ನು ಕಳೆದುಕೊಂಡವನು. ಆದರೆ ಒಂದು ಶುಕ್ರವಾರ ಗಂಟಲು ಸರಿಮಾಡಿಕೊಂಡು, ಎಲ್ಲೋ ನೋಡುತ್ತ ತಾಜ್ ಪಾಷಾ ಕೋಪ ಬಿಟ್ಟದ್ದನ್ನು ಎದುರಿಗೆ ಕೂತು ನೋಡಿದವಳು ತಾನು. ಆ ಒಂದು ಸಲಾಮು ನಿಜವಾದದ್ದು. ಆಮೇಲಿನದೆಲ್ಲ ತನ್ನದು. ತಾನು ಹಾಕಿದ ಸುಳ್ಳು ಸಲಾಮು ಇವತ್ತು ಅವರು ಹಾಕಿಸಿದ ನಿಜವಾದದ್ದನ್ನೂ ಅಳಿಸಿಹಾಕುತ್ತಿತ್ತು. ಇದನ್ನು ಕಳಿಸಿದರೆ ಸತ್ತವರು ಮಗಳ ಪಾಲಿಗೆ ಇನ್ನು ಮುಂದೆ ಮುನಿಸಿಕೊಂಡೇ ಇರುತ್ತಾರೆ. ಅವಳು 'ಹೌದು' ಎಂಬುದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು.

ಅಷ್ಟರಲ್ಲಿ ಕಂಪ್ಯೂಟರು ಗಂಟೆ ಬಾರಿಸತೊಡಗಿತು. ಮಹ್ವಿಶ್ ಮಾತಿನ ಕರೆ ಮಾಡುತ್ತಿದ್ದಳು. ಪಕ್ಕದ ಕ್ಯಾಬಿನ್ನಿನ ಹುಡುಗರು ಇಣುಕಿದರು. ಕರೆಯನ್ನು ಕತ್ತರಿಸಲು ಖಲಂದರ್ ಕೈಸನ್ನೆ ಮಾಡಿದ. ಅವಳು ಮೊಳೆಗೆ ನೇತುಹಾಕಿದ್ದ ಹೆಡ್‌ಫೋನ್ ತೆಗೆದು ಕಿವಿಗಿಟ್ಟುಕೊಂಡಳು. ಇಷ್ಟು ದಿನ ಬೇರೆಯವರ ತಲೆಗೆ ಹಾಕಿಕೊಟ್ಟದ್ದೇ ಹೊರತು ತಾನು ಎಂದೂ ಹಾಕಿಕೊಂಡಿರಲಿಲ್ಲ.

ಮೊದಲು ಕೇಳಿದ್ದು ಉಸಿರು. ತುಂಬು ಬಸುರಿಯ ಭಾರವಾದ ಉಸಿರು.

"ಭಾನು, ಟೈಪ್ ಮಾಡ್ಬೇಡ," ಎಂದಳು ಮಹ್ವಿಶ್. "ಟೈಪಲ್ಲಿ ನೀನು ಯಾರು ಏನ್ ಹೇಳಿದ್ರೂ ಹಾಕ್ತೀಯ. ಬಾಯಲ್ಲಿ ನಿಂಗೆ ಸುಳ್ಳು ಬರಲ್ಲ, ನಂಗೊತ್ತು. ಅಬ್ಬಂಗೆ ನನ್ ಮೇಲೆ ಕೋಪನಾ?"

ಹುಸೇನ್ ಮನೆಯಲ್ಲಿದ್ದಾನೆಯೇ ಎಂದು ಭಾನುಪ್ರಿಯ ಕೇಳಿದಳು. ಅಡುಗೆಮನೆಯಲ್ಲಿದ್ದಾರೆ ಎಂದಳು ಮಹ್ವಿಶ್. ಅವನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಳ್ಳಲು ಭಾನುಪ್ರಿಯ ಹೇಳಿದಳು. ದೂರದಲ್ಲಿ ಕುರ್ಚಿ ಎಳೆದ ಸದ್ದು, ಗಂಡಸಿನ ದನಿಯೊಂದು ಏನನ್ನೋ ಬೇಗ ಬೇಗ ಉರ್ದುವಿನಲ್ಲಿ ಹೇಳಿದ್ದು, ಮತ್ತೆ ಅದೇ ಉಸಿರು. ಖಲಂದರ್ ಅವಳ ಹೆಗಲ ಹತ್ತಿರಕ್ಕೆ ಕೈ ತಂದು, ಮುಟ್ಟದೆ, ಹಾಗೇ ನಿಲ್ಲಿಸಿದ್ದ.

"ಭಾನು?"

"ಕೋಪ ಇಲ್ಲ ಕಣೆ," ಎಂದಳು ಅವಳು. ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. ಸೆಂಟರಿನಲ್ಲಿ ಎಲ್ಲರ ಟೈಪಿಂಗೂ ನಿಂತಿತು. "ಅಬ್ಬ ತೀರ್ಕೊಂಡ್ರು, ಮಹ್ವಿಶ್."