ಬೀರುವಿನ ಬೀಗ, ಹತ್ತಕ್ಕೆ ಸೊನ್ನೆ

"ತೆಗೆಯೋ ಅಂದ್ರೆ ತೆಗೀಬೇಕು. ಹನ್ನೊಂದು ತಿಂಗಳು ಇಲ್ಲಿ ಪುಕ್ಕಟೆ ಅನ್ನ ತಿಂದು ಇಷ್ಟು ವಿಧೇಯತೆ ಕಲೀಲಿಲ್ವೇನೋ?"

"ಅವನ ಮೇಲೆ ಯಾಕೆ ಹಾರಾಡ್ತೀರಿ ಸಾರ್? ಬೀರು ಕೀ ಮನೇಲಿ ಮರೆತು ಬಂದೋರು ನೀವು," ಎಂದಳು ಆಪ್ತಸಲಹೆಗಾರ್ತಿ.

"ನೀವು ಮಧ್ಯೆ ಬಾಯಿ ಹಾಕ್ಬೇಡಿ ಮೇಡಂ," ಎಂದು ಸೂಪರಿಂಟೆಂಡೆಂಟರು ಗದರಿದರು.

ಅವರ ಮನೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಆಗಲೇ ಹತ್ತೂಕಾಲು. ಹನ್ನೊಂದಕ್ಕೆ ಪಕ್ಕದ ಬೀದಿಯ ಬಾಲನ್ಯಾಯ ಮಂಡಳಿಯ ಮುಂದೆ ಹುಡುಗನ ಬಿಡುಗಡೆಯ ವಿಚಾರಣೆ. ಅವನ ಫೈಲು ಆ ಕಬ್ಬಿಣದ ಬೀರುವಿನೊಳಗೆ. ಫೈಲಿಲ್ಲದೆ ಹೋದರೆ ಮುಂದಿನ ತಾರೀಖು ಮೂರು ತಿಂಗಳಾಚೆಗೆ. ಗೇಟಿನ ಹೊರಗೆ ಅವನ ಅಜ್ಜಿ ಮೊಮ್ಮಗನಿಗೆಂದು ಹೊಸ ಚಪ್ಪಲಿ ಹಿಡಿದು ಬೆಳಿಗ್ಗೆ ಏಳರಿಂದ ಕೂತಿದ್ದಳು. ಅಳತೆ ಮಾತ್ರ ಹೋದ ವರ್ಷದ್ದು.

ಆಪ್ತಸಲಹೆಗಾರ್ತಿ ಈ ಸುಧಾರಣಾ ಗೃಹದಲ್ಲಿ ಹತ್ತೊಂಬತ್ತು ವರ್ಷ ಸವೆಸಿದವಳು. ನೂರಾರು ಹುಡುಗರ ಮಾತು ಕೇಳಿದ್ದಳು. ಈ ಹುಡುಗ ಮಾತ್ರ ಅವಳಿಗೆ ಕಬ್ಬಿಣದ ಕಡಲೆಯಾಗಿದ್ದ. ಯಾವ ಬೀಗವಾದರೂ ಅವನ ಕೈಯಲ್ಲಿ ಬಾಯಿ ಬಿಡುತ್ತಿತ್ತು. ಅದಕ್ಕೇ ಎಲ್ಲರೂ ಅವನನ್ನು ಕೀಲಿಕೈ ಎನ್ನುತ್ತಿದ್ದರು. ಬಂದ ಮೊದಲ ವಾರವೇ ಸೂಪರಿಂಟೆಂಡೆಂಟರು ಇದೇ ಬೀಗವನ್ನು ಅವನಿಂದ ತೆಗೆಸಿ, ಕೈಗೊಂದು ಬಿಸ್ಕತ್ತು ಕೊಟ್ಟು, ಸಂಜೆ ಅವನ ಫೈಲಿನಲ್ಲಿ 'ಹಳೆಯ ಚಾಳಿ ಬಿಟ್ಟಿಲ್ಲ' ಎಂದು ಬರೆದಿದ್ದರು. ಪರರ ಬೀಗಕ್ಕೆ ಕೈ ಹಾಕುವುದಿಲ್ಲ ಎಂಬ ಮಾತನ್ನು ಅವನ ಬಾಯಿಂದ ಬರಿಸಲು ಅವಳಿಗೆ ಆಮೇಲೆ ಎಂಟು ತಿಂಗಳು ಹಿಡಿದಿತ್ತು.

"ಅಕ್ಕನಿಗೆ ಮಾತು ಕೊಟ್ಟಿದ್ದೀನಿ ಸಾರ್," ಎಂದ ಹುಡುಗ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

"ಅಕ್ಕನೇ ಹೇಳಲಿ ಹಾಗಾದ್ರೆ. ಹೇಳಿ ಮೇಡಂ, ಒಂದು ನಿಮಿಷದ ಕೆಲಸ."

ಹುಡುಗ ಅವಳ ಮುಖ ನೋಡಿದ. ತೆಗಿ ಎಂದರೆ ತೆಗೆಯುತ್ತಿದ್ದ, ಮನೆಗೂ ಹೋಗುತ್ತಿದ್ದ. ಆದರೆ ದೊಡ್ಡವರಿಗೆ ಬೇಕಾದಾಗ ಕಳ್ಳತನವೂ ಸೇವೆ ಎಂಬ ಪಾಠವನ್ನೂ ಕಲಿತುಕೊಂಡೇ ಹೋಗುತ್ತಿದ್ದ.

"ಹೇಳಲ್ಲ," ಎಂದಳು.

ಸೂಪರಿಂಟೆಂಡೆಂಟರು ಮನಪರಿವರ್ತನೆ ನಮೂನೆ ಎಳೆದುಕೊಂಡರು. ಅದು ಅವರದೇ ಸೃಷ್ಟಿ. ಪಶ್ಚಾತ್ತಾಪಕ್ಕೆ ಹತ್ತು ಅಂಕ. ಕಣ್ಣೀರು ಹಾಕಿದವನಿಗೆ ಎಂಟು, ಕಾಲಿಗೆ ಬಿದ್ದವನಿಗೆ ಪೂರ್ತಿ ಹತ್ತು. "ಮೇಲಧಿಕಾರಿಯ ಆದೇಶ ಧಿಕ್ಕರಿಸಿದ್ದಾನೆ. ಸೊನ್ನೆ," ಎಂದು ಬಾಯಲ್ಲಿ ಹೇಳುತ್ತಲೇ ಬರೆದರು.

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ," ಎಂದಳು ಅವಳು. ಬಾಗಿಲು ಗಾಳಿಗೆ ಬಡಿಯದಿರಲೆಂದು ಇಟ್ಟಿದ್ದ ಗುಂಡುಕಲ್ಲನ್ನು ಎತ್ತಿಕೊಂಡಳು. ಮೂರನೆಯ ಏಟಿಗೆ ಬೀಗ ಕಳಚಿ ಬಿತ್ತು.

"ಮೇಡಂ, ಸರ್ಕಾರಿ ಆಸ್ತಿ ಅದು."

"ಹುಡುಗನೂ ಅಷ್ಟೇ ಅಂತ ಇಷ್ಟು ದಿನ ಇಟ್ಕೊಂಡಿದ್ರಲ್ಲ ಸಾರ್."

"ಈ ಬೀಗಕ್ಕೆ ಉತ್ತರ ಕೊಡೋರು ಯಾರು? ಮಧ್ಯಾಹ್ನ ವಾಪಸ್ ಬಂದಾಗ ಮೆಮೊ ರೆಡಿ ಇರುತ್ತೆ. ಲಿಖಿತ ವಿವರಣೆ ಬೇಕು."

"ಅಲ್ಲೀವರೆಗೂ ಯಾಕೆ ಕಾಯ್ತೀರಿ?"

ಖಾಲಿ ನಮೂನೆಯೊಂದನ್ನು ತೆಗೆದುಕೊಂಡು ನಿಂತಲ್ಲೇ ತುಂಬಿಸಿದಳು. ಅಪರಾಧಿ: ಆಪ್ತಸಲಹೆಗಾರ್ತಿ. ಅಪರಾಧ: ಬೀಗ ಒಡೆದದ್ದು. ಪಶ್ಚಾತ್ತಾಪ: ಹತ್ತಕ್ಕೆ ಸೊನ್ನೆ. ಸಹಿ ಹಾಕಿ, ಅದರ ಮೇಲೆ ಗುಂಡುಕಲ್ಲಿಟ್ಟಳು. ಫೈಲು ಕಂಕುಳಲ್ಲಿ ಇರುಕಿಕೊಂಡು, "ನಡಿಯೋ" ಎಂದಳು.

ಮಂಡಳಿಯವರು ಹನ್ನೊಂದೂವರೆಗೆ ಆದೇಶ ಕೊಟ್ಟರು. ಚಪ್ಪಲಿಯ ಹಿಂದೆ ಹಿಮ್ಮಡಿ ಎರಡು ಬೆರಳಗಲ ಹೊರಗೆ ಚಾಚಿಕೊಂಡೇ ಹುಡುಗ ಅಜ್ಜಿಯ ಜೊತೆ ಹೋದ.

ಸೂಪರಿಂಟೆಂಡೆಂಟರು ಮೆಮೊ ಟೈಪು ಮಾಡಿಸಿ ಸಂಜೆ ಐದರವರೆಗೆ ಕಾದರು. ಗೋಡೆಯ ಮೊಳೆಯಲ್ಲಿ ಅವಳ ಕೊಡೆ ನೇತಾಡುತ್ತಿತ್ತು. ಕೊಡೆ ಬಿಟ್ಟು ಎಲ್ಲಿಗೆ ಹೋಗುತ್ತಾಳೆ ಎಂದುಕೊಂಡು ಮರುದಿನವೂ ಕಾದರು. ಅವಳು ಬರಲಿಲ್ಲ.