ಚಿಕ್ಕಮ್ಮನ ಫೋನಿನಲ್ಲಿದ್ದ ಗಿರಾಕಿಗಳು

ಇದನ್ನು ಹೇಳಲು ನಾನು ಯಾರು ಎಂಬ ಅಳುಕು ನನಗಿದೆ. ಕಥೆ ಕಟ್ಟುವುದನ್ನು ಕಲಿತವಳಲ್ಲ. ಹಗಲು ಚಿಕ್ಕಮ್ಮನ ಅಂಗಡಿಯಲ್ಲಿ ಕಾಜ ಹೊಲಿದು, ಸಂಜೆ ತರಗತಿಗೆ ಹೋಗಿ ಒಂದಿಷ್ಟು ಕಂಪ್ಯೂಟರ್ ಕಲಿತವಳು, ಅಷ್ಟೇ. ಸಾಲದ್ದಕ್ಕೆ ಇದರಲ್ಲಿ ಬರುವುದೆಲ್ಲ ಬೇರೆಯವರ ಸೊಂಟ, ಹೊಟ್ಟೆ, ಭುಜಗಳ ವಿಷಯ. ಯಾರಿಗಾದರೂ ಇರುಸುಮುರುಸಾದರೆ ದಯವಿಟ್ಟು ಕ್ಷಮಿಸಬೇಕು.

ಚಿಕ್ಕಮ್ಮನದು ಬಟ್ಟೆ ಹೊಲಿಯುವ ಅಂಗಡಿ. ಚಿಕ್ಕಪ್ಪ ಅಲ್ಲೇ ಮೂಲೆಯಲ್ಲಿ ಇಸ್ತ್ರಿ ಮಾಡುತ್ತಾರೆ, ಜೊತೆಗೆ ಎಲ್ಲರ ಮಾತಿಗೂ ಒಂದು ಮಾತು ಸೇರಿಸುತ್ತಾರೆ. ಕಟ್ಟಡ ಕೆಡವುತ್ತೇವೆಂದು ಮಾಲೀಕರು ಹೇಳಿದ್ದರಿಂದ ಅಂಗಡಿಯನ್ನು ಹಿಂದಿನ ಬೀದಿಯ ಮಹಡಿಗೆ ಸಾಗಿಸಬೇಕಾಯಿತು. ಮೆಟ್ಟಿಲು ಹತ್ತಿ ಗಿರಾಕಿಗಳು ಬರುತ್ತಾರೋ ಇಲ್ಲವೋ ಎಂಬ ಚಿಂತೆ ಎಲ್ಲರಿಗೂ ಇತ್ತು. ಗಿರಾಕಿಗಳಲ್ಲಿ ಎಲ್ಲರಿಗಿಂತ ಮುಖ್ಯ ಒಂದು ಹೋಟೆಲಿನ ಮ್ಯಾನೇಜರ್. ಅಲ್ಲಿನ ವೇಟರುಗಳ ಸಮವಸ್ತ್ರ ವರ್ಷವೂ ನಮ್ಮಲ್ಲೇ ಹೊಲಿಯುವುದು. ಆ ಕೆಲಸ ಕೈತಪ್ಪಿದರೆ ಹೊಸ ಅಂಗಡಿಯ ಬಾಡಿಗೆ ಹುಟ್ಟುತ್ತಿರಲಿಲ್ಲ. ಈ ವರ್ಷದ ಆರ್ಡರ್ ಇನ್ನೂ ಬಂದಿರಲಿಲ್ಲ.

"ಎಲ್ಲರಿಗೂ ಒಂದು ಮೇಲ್ ಹಾಕಿಬಿಡೆ," ಎಂದರು ಚಿಕ್ಕಮ್ಮ. "ಅದಕ್ಕೇ ತಾನೇ ನೀನು ಸಂಜೆಯೆಲ್ಲಾ ಹೋಗಿ ಕಲ್ತಿದ್ದು?"

ಹಾಕುವುದು ಸುಲಭವಿರಲಿಲ್ಲ. ಗಿರಾಕಿಗಳ ಫೋನ್ ನಂಬರುಗಳು ಚಿಕ್ಕಮ್ಮನ ಫೋನಿನಲ್ಲಿದ್ದವು. ಇಮೇಲ್ ವಿಳಾಸಗಳು ಚಿಕ್ಕಪ್ಪನ ಹಳೆಯ ಖಾತೆಯಲ್ಲಿದ್ದವು, ನಂಬರು ಮತ್ತು ಪೂರ್ತಿ ಹೆಸರುಗಳ ಸಮೇತ. ಅಂಗಡಿಗೆಂದು ನಾನೇ ತೆರೆದ ಹೊಸ ಖಾತೆ ಖಾಲಿಯಿತ್ತು. ಮೂರನ್ನೂ ಜೋಡಿಸಿ, ಒಂದು ಕಡೆ ಬದಲಾದದ್ದು ಮಿಕ್ಕ ಕಡೆಯೂ ತಾನಾಗಿ ಬದಲಾಗುವಂತೆ ಮಾಡುವುದನ್ನು ನಮಗೆ ಕಲಿಸಿದ್ದರು. ಟಿಪ್ಪಣಿಯನ್ನು ಎರಡೆರಡು ಸಲ ಓದಿಕೊಂಡು ಶುರುಮಾಡಿದೆ.

ಒಂದೇ ನಂಬರಿಗೆ ಎರಡೆರಡು ಹೆಸರು ಸಿಕ್ಕಾಗ ಯಾವುದನ್ನು ಉಳಿಸಬೇಕೆಂದು ಪರದೆ ಕೇಳಿತು. ನಾನು ಚಿಕ್ಕಮ್ಮನನ್ನು ಕೇಳಿದೆ.

"ನಂದೇ! ಇನ್ಯಾರದು? ಈ ಅಂಗಡಿ ನಡೆಸ್ತಿರೋದು ಯಾರು?"

"ನಾನೂ ಇದೀನಿ ಇಲ್ಲಿ," ಎಂದರು ಚಿಕ್ಕಪ್ಪ, ಇಸ್ತ್ರಿಪೆಟ್ಟಿಗೆ ಎತ್ತಿ.

"ನೀವು ಸುಕ್ಕು ನೋಡ್ಕೊಳಿ."

ಇಲ್ಲಿ ಒಂದು ವಿಷಯ ಹೇಳಲೇಬೇಕು. ಚಿಕ್ಕಮ್ಮ ಗಿರಾಕಿಗಳನ್ನು ಹೆಸರಿನಿಂದ ನೆನಪಿಡುವವರಲ್ಲ. ಫೋನ್ ಬಂದೊಡನೆ ಕತ್ತರಿಗೆ ಬೇಕಾದ ವಿವರ ಕಣ್ಣಿಗೆ ಬೀಳಬೇಕು ಎಂಬುದು ಅವರ ಕ್ರಮ. ವಕೀಲರು ಅವರ ಫೋನಿನಲ್ಲಿ 'ಬಲ ಭುಜ ತಗ್ಗು'. ಹಲ್ಲಿನ ಡಾಕ್ಟರಮ್ಮ 'ನಾಳೆನೇ ಬೇಕು ಅಂತಾಳೆ, ತಿಂಗಳಾದ್ರೂ ಬರಲ್ಲ'. ಗ್ರಂಥಾಲಯದ ಮೇಡಂ 'ಗುಂಡಿ ಕಚ್ಚೋರು'. ಹೋಟೆಲಿನ ಮ್ಯಾನೇಜರ್ 'ಉಸಿರು ಹಿಡಿಯೋರು, ಎರಡಿಂಚು ಸೇರಿಸು'.

ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದಂತೆ ಕಳಿಸುವ ಸಾಲೊಂದಿದೆ, ಅದರಲ್ಲಿ ಹಾಕೋಣ ಎಂದೆ.

"ಯಾಕೆ ಬಚ್ಚಿಡಬೇಕು? ನಾವೇನು ಕದ್ದ ಮಾಲು ಮಾರ್ತಿದೀವಾ? ಹೋಟೆಲಿನೋರು, ವಕೀಲ್ರು, ಎಲ್ಲಾ ನಮ್ಮ ಹತ್ರಾನೇ ಬರೋದು ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ."

ವಿಳಾಸದ ಪಕ್ಕದಲ್ಲಿ ನಾವು ಇಟ್ಟುಕೊಂಡ ಹೆಸರೂ ಹೋಗುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಕಳಿಸುವ ಗುಂಡಿಯನ್ನು ಚಿಕ್ಕಮ್ಮನೇ ಒತ್ತಿದರು, ಹೊಸ ಅಂಗಡಿಯ ಶುಭಕಾರ್ಯವೆಂದು.

ಮೊದಲ ಉತ್ತರ ಗ್ರಂಥಾಲಯದ ಮೇಡಂದು. 'ನಾನು ಯಾವ ಗುಂಡಿ ಕಚ್ಚಿದೆ?' ಎಂದಷ್ಟೇ ಇತ್ತು. ಅದೂ ಎಲ್ಲರಿಗೂ ಹೋಗಿತ್ತು. ಹಿಂದೆಯೇ ವಕೀಲರದು: 'ಮೇಡಂ, ನೀಲಿ ಸ್ವೆಟರಿನ ಮೇಲಿನ ಗುಂಡಿ. ನಾನೇ ನೋಡಿದ್ದೇನೆ.'

ಚಿಕ್ಕಪ್ಪ ಪರದೆಗೆ ಕಣ್ಣು ಹತ್ತಿಸಿ ಓದಿದರು. "ಪರವಾಗಿಲ್ಲ ಬಿಡು. ಮಾನ ಹೋಗಿರೋದು ಅವರದ್ದು ಮಾತ್ರ."

"ಸುಮ್ನಿರ್ರೀ! ಮ್ಯಾನೇಜರ್ ಓದಿಬಿಟ್ರೆ?" ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತ್ತು. "ಅಳಿಸೇ, ಎಲ್ಲಾ ಅಳಿಸು! ಮರ್ಯಾದೆಯಾಗಿ ಇವರ ಖಾತೇಲಿರೋ ಹೆಸರುಗಳನ್ನೇ ಹಾಕು. ಆ ಕಾಗದಾನೂ ಅಳಿಸು."

ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡುವುದು ನನ್ನ ಸ್ವಭಾವ. ಹೆಸರುಗಳನ್ನೆಲ್ಲ ಬದಲಿಸಿದೆ. ನಮ್ಮಲ್ಲಿ ಅಳಿಸಿದರೆ ಅವರಲ್ಲೂ ಹೋದೀತೆಂಬ ಆಸೆಯಿಂದ ಕಳಿಸಿದ ಮೇಲನ್ನೂ ಬಂದ ಉತ್ತರಗಳನ್ನೂ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಅವರಲ್ಲಿ ಏನೂ ಹೋಗಲಿಲ್ಲ. ಜೋಡಣೆ ಮಾತ್ರ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತು.

ಮರುದಿನ ಚಿಕ್ಕಮ್ಮನ ಫೋನು ಮೊಳಗಿತು. ಪರದೆಯ ಮೇಲೆ ಉದ್ದನೆಯ, ಗೌರವಸ್ಥ ಹೆಸರು.

"ಯಾರೇ ಇದು?" ಎಂದರು ಚಿಕ್ಕಮ್ಮ. ಇನ್ನೊಂದು ಬಂತು. "ಇದ್ಯಾರು? ನಮ್ಮ ಗಿರಾಕಿಗಳೆಲ್ಲಾ ಎಲ್ಲಿ ಹೋದ್ರು?"

ಒಬ್ಬರೂ ಉಳಿದಿರಲಿಲ್ಲ. ಯಾರ ಭುಜ ತಗ್ಗು, ಯಾರ ತೋಳು ಉದ್ದ, ಯಾರಿಗೆ ಒಳಗಡೆ ಬಟ್ಟೆ ಹೆಚ್ಚು ಬಿಡಬೇಕು, ಎಲ್ಲವೂ ಮರ್ಯಾದೆಯ ಹೆಸರುಗಳಡಿ ಮುಚ್ಚಿಹೋಗಿತ್ತು. ಹಿಂದಿದ್ದಂತೆ ಮಾಡುವ ದಾರಿ ಇದ್ದಿರಬಹುದು. ನಮ್ಮ ತರಗತಿ ಆ ಪಾಠಕ್ಕೆ ಬರುವ ಮುಂಚೆಯೇ ಮುಗಿದಿತ್ತು. ಚಿಕ್ಕಮ್ಮ ಅರ್ಧ ಕತ್ತರಿಸಿದ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು. ಅಂಥ ಹೊತ್ತಿನಲ್ಲಿ ನನಗೆ ಅಳು ಬರುತ್ತದೆ, ಬಂತು.

"ಅಳಬೇಡ ಕಣೇ," ಎಂದರು ಚಿಕ್ಕಪ್ಪ. "ಆ ಹೆಸರುಗಳೆಲ್ಲಾ ಭದ್ರವಾಗಿವೆ."

"ಎಲ್ಲಿ?"

"ಬೈಸ್ಕೊಂಡೋರ ಹತ್ರ. ಒಬ್ಬೊಬ್ಬರಿಗೂ ಒಂದೊಂದು ಪ್ರತಿ ಕಳಿಸಿದೀಯಲ್ಲ."

ಬೇರೆ ದಾರಿಯಿರಲಿಲ್ಲ. ಚಿಕ್ಕಮ್ಮ ಗಂಟಲು ಸರಿಮಾಡಿಕೊಂಡು ವಕೀಲರಿಗೆ ಫೋನ್ ಮಾಡಿದರು. "ಸರ್, ನಮಸ್ಕಾರ. ಬೇಜಾರು ಮಾಡ್ಕೋಬೇಡಿ... ನಾನು ನಿಮ್ಮನ್ನ ಏನಂತ ಬರೆದಿದ್ದೆ?"

ವಕೀಲರು ನಿಧಾನವಾಗಿ, ಸಾಕ್ಷಿ ಹೇಳುವವರಂತೆ, "ಬಲ ಭುಜ ತಗ್ಗು," ಎಂದರು. ಉಳಿದವರ ಹೆಸರುಗಳನ್ನೂ ಓದಿಬಿಡಿ ಎಂದು ಚಿಕ್ಕಮ್ಮ ಬೇಡಿಕೊಂಡರೆ, ಇನ್ನೊಬ್ಬರ ದೇಹದ ವಿಷಯ ತಾವು ಹೇಳುವಂತಿಲ್ಲ ಎಂದರು. ಗುಂಡಿಯ ವಿಷಯದಲ್ಲಿ ಆ ಸಂಕೋಚ ಎಲ್ಲಿ ಹೋಗಿತ್ತೋ. ಹೀಗಾಗಿ ಎಲ್ಲರಿಗೂ ಮಾಡಬೇಕಾಯಿತು. ಇಬ್ಬರು ಬೈದರು. ಒಬ್ಬರು ನಗುತ್ತಲೇ ಇದ್ದು ಉತ್ತರ ಕೊಡುವುದನ್ನೇ ಮರೆತರು. ಸುದ್ದಿ ಹೇಗೆ ಹಬ್ಬಿತೋ, ಸಂಜೆಯ ಹೊತ್ತಿಗೆ ಅವರೇ ಫೋನ್ ಮಾಡತೊಡಗಿದರು.

"ಹಲೋ, ನಾನು 'ನಾಳೆನೇ ಬೇಕು' ಮಾತಾಡ್ತಿದೀನಿ. ನನ್ನ ಸ್ಕರ್ಟ್ ಆಯ್ತಾ?"

"ಹೋದ ತಿಂಗಳೇ ಆಯ್ತಮ್ಮ."

"ಹಾಗಾದ್ರೆ ನಾಳೆ ಬರ್ತೀನಿ."

ಎಲ್ಲರೂ ಸಿಕ್ಕರು, ಮ್ಯಾನೇಜರ್ ಒಬ್ಬರನ್ನು ಬಿಟ್ಟು. ಅವರನ್ನು ಏನಂತ ಬರೆದಿದ್ದರೆಂದು ಚಿಕ್ಕಮ್ಮನಿಗೆ ಚೆನ್ನಾಗಿಯೇ ನೆನಪಿತ್ತು, ಅದೇ ತೊಂದರೆ. ಅವರಿಗೆ ಫೋನ್ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ. ಆ ವಾರದ ಕೊನೆಯಲ್ಲಿ ಅವರೇ ಬಂದರು. ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ನಮ್ಮನ್ನು ಕಂಡೊಡನೆ ಅಭ್ಯಾಸಬಲದಿಂದ ಹೊಟ್ಟೆ ಒಳಗೆಳೆದುಕೊಂಡರು.

"ನಮ್ಮ ಮನೆಯವಳ ನಗು ಇನ್ನೂ ನಿಂತಿಲ್ಲ," ಎಂದರು. "ವೇಟರುಗಳೂ ಬೆನ್ನ ಹಿಂದೆ ಎರಡಿಂಚು ಅಂತಿದಾರೆ. ಬೇರೆ ಟೈಲರ್ ನೋಡ್ಕೋತೀನಿ ಅಂತ ಎದುರಿಗೇ ಹೇಳೋಣ ಅಂತ ಬಂದೆ."

ನನ್ನ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು. ಚಿಕ್ಕಮ್ಮ ಎದ್ದು ನಿಂತರು.

"ನೋಡ್ಕೊಳಿ ಸರ್. ಒಂದೇ ಒಂದು ಮಾತು ಹೇಳಿ. ಇಷ್ಟು ವರ್ಷದಲ್ಲಿ ನಾನು ಹೊಲಿದ ಪ್ಯಾಂಟು ನಿಮಗೆ ಯಾವತ್ತಾದ್ರೂ ಬಿಗಿ ಆಗಿದೆಯಾ?"

ಮ್ಯಾನೇಜರ್ ಯೋಚಿಸಿದರು. "ಇಲ್ಲ."

"ಊಟ ಆದ್ಮೇಲೂ?"

"ಇಲ್ಲ... ಅದಕ್ಕೇ ನಾನು ದಪ್ಪ ಆಗಿಲ್ಲ ಅಂದ್ಕೊಂಡಿದ್ದೆ. ಮನೇಲೂ ಹಾಗೇ ಹೇಳ್ತಿದ್ದೆ."

"ಆಗಿದೀರ ಸರ್. ನಾನು ಸೊಂಟದಲ್ಲಿ ಬಟ್ಟೆ ಬಿಡ್ತಾ ಬಂದಿದೀನಿ, ಅಷ್ಟೇ."

ಮ್ಯಾನೇಜರ್ ತಮ್ಮ ಸೊಂಟಪಟ್ಟಿಯ ಒಳಗೆ ಬೆರಳು ಹಾಕಿ ನೋಡಿಕೊಂಡರು. ಆಮೇಲೆ ಹಿಡಿದಿದ್ದ ಉಸಿರನ್ನು ಬಿಟ್ಟರು. ತುಂಬ ಹೊತ್ತು ಬಿಟ್ಟರು.

"ಅಬ್ಬಾ," ಎಂದರು ಚಿಕ್ಕಪ್ಪ. "ಎರಡಲ್ಲ ಕಣೇ, ಮೂರಿದೆ."

ಚಿಕ್ಕಮ್ಮ ಟೇಪಿನಿಂದಲೇ ಚಿಕ್ಕಪ್ಪನಿಗೆ ಒಂದು ಏಟು ಕೊಟ್ಟರು. ಮ್ಯಾನೇಜರ್ ಸೊಂಟಪಟ್ಟಿ ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದರು.

ಎರಡು ದಿನ ನಾವು ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಹೋಟೆಲಿನಿಂದ ಮೇಲ್ ಬಂತು: ಎಲ್ಲ ವೇಟರುಗಳಿಗೂ ಸಮವಸ್ತ್ರ, ಎಂದಿನಂತೆ. ನಮಸ್ಕಾರವೂ ಇಲ್ಲ, ಹಿಂದಿನ ಮಾತಿನ ಸುಳಿವೂ ಇಲ್ಲ. ಚಿಕ್ಕಮ್ಮ ಮೊದಲು ಬಟ್ಟೆಯ ಅಂಗಡಿಗೆ ಫೋನ್ ಮಾಡಿದರು, ಆಮೇಲೆ ಜೋಡಣೆಯನ್ನು ನನ್ನ ಕೈಯಲ್ಲೇ ಬಿಚ್ಚಿಸಿದರು.

ಮ್ಯಾನೇಜರ್ ಮನಸ್ಸು ಬದಲಿಸಿದ್ದು ಚಿಕ್ಕಮ್ಮನ ಮಾತಿಗೋ, ಮನೆಯಲ್ಲಿ ಯಾರೋ ಹೇಳಿದ್ದಕ್ಕೋ, ಅಥವಾ ಬೇರೆ ಟೈಲರ್ ಮುಂದೆ ಮತ್ತೆ ಮೊದಲಿನಿಂದ ಉಸಿರು ಹಿಡಿದು ನಿಲ್ಲುವ ಬೇಸರಕ್ಕೋ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಇಂದಿಗೂ ಬಂದಿಲ್ಲ.