ಅವರಿಗೆಂದು ಇಟ್ಟ ಮನೆ

ವಕೀಲ ಮರಿಬಸಪ್ಪನವರು ಹೇಳಿದ್ದು ಒಂದು, ಚನ್ನವೀರಮ್ಮ ಮಾಡಿದ್ದು ಹತ್ತು. ಅವಳ ಸ್ವಭಾವವೇ ಹಾಗೆ, ಹಿಡಿದರೆ ಉಡದ ಪಟ್ಟು.

ಗಂಡ ಉಜ್ಜಿನಪ್ಪ ಕುವೈತಿನಲ್ಲಿ ಎಣ್ಣೆ ಪೈಪುಗಳಿಗೆ ವೆಲ್ಡಿಂಗ್ ಮಾಡುವ ಮೇಸ್ತ್ರಿ. ಕಾಲುವೆ ಗೇಟುಗಳ ಕೆಲಸದಲ್ಲಿ ಕೈ ಪಳಗಿಸಿಕೊಂಡು ಹೋದವನು. ಆ ದುಡಿಮೆಯಲ್ಲೇ ಕುರುಗೋಡಿನ ಗುಡ್ಡದ ಬುಡದಲ್ಲಿ ಮನೆ ಎದ್ದಿತ್ತು. ತುರ್ತು ಪರಿಸ್ಥಿತಿಯ ಕಾಲ. ಯಾರ ಬಾಯಲ್ಲಿ ನೋಡಿದರೂ ತೆರಿಗೆಯವರ ದಾಳಿಯ ಸುದ್ದಿ. ರಜೆಗೆ ಬಂದವನು ಹೆದರಿ, ಹೆಂಡತಿಯನ್ನೂ ಕರೆದುಕೊಂಡು ಬಳ್ಳಾರಿಗೆ ಹೋಗಿ ವಕೀಲರ ಮುಂದೆ ಕೂತ.

"ನೋಡ್ರಿ, ಹೊರದೇಶದಾಗ ದುಡಿಯೋರಿಗಂತ ಇಲ್ಲೊಂದು ಮನಿ ಇಟ್ಟಿದ್ರ, ಅವರು ಬಂದು ತಿಂಗಳ ಮ್ಯಾಲೆ ನಿಂತ್ರ, ಇಲ್ಲಿಯವರೇ ಅಂತ ಲೆಕ್ಕ ಹಿಡೀತಾರ. ಅಲ್ಲಿ ದುಡಿದದ್ದಕ್ಕೂ ಇಲ್ಲಿ ತೆರಿಗಿ," ಎಂದರು ವಕೀಲರು.

"ಅಂದ್ರ ಮನೀನ ಇರಬಾರದೇನ್ರಿ?" ಎಂದಳು ಚನ್ನವೀರಮ್ಮ.

"ಮನಿ ನಿಮ್ಮದಿರ್ಲಿ ತಾಯಿ. ಅವರಿಗಂತ ಇಟ್ಟದ್ದು ಅನ್ನೋ ಹಂಗ ಇರಬಾರದು. ಸದ್ಯಕ್ಕ ಬಂದಾಗ ಬ್ಯಾರೆ ಕಡೆ ಇಳಕೊಳ್ಳಲಿ. ಸರಕಾರ ಬದಲಾದ್ರ ಕಾನೂನೂ ಬದಲಾದೀತು. ನೋಡೋಣ."

ಅಲ್ಲ, ಗಂಡನಿಗೆ ಅಂತ ಇಡದೆ ಹೆಂಡತಿ ಮನೆಯನ್ನು ಇನ್ನಾರಿಗೆ ಇಡಬೇಕು? ಇಂಥ ಕಾನೂನು ಯಾವ ಪುಣ್ಯಾತ್ಮ ಬರೆದನೋ! ಆದರೆ ಚನ್ನವೀರಮ್ಮ ವಾದ ಮಾಡುವ ಪೈಕಿಯಲ್ಲ. ಗಂಡನ ಬೆವರು ತೆರಿಗೆಯವರ ಪಾಲಾಗಬಾರದು, ಅವನು ತಿಂಗಳೆನ್ನದೆ ನೆಮ್ಮದಿಯಿಂದ ಊರಲ್ಲಿರಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಮನೆಗೆ ಬಂದವಳೇ ಸೆರಗು ಸಿಕ್ಕಿಸಿದಳು. ಬಾಗಿಲ ಮೇಲಿನ ಅವನ ಹೆಸರಿನ ಹಲಗೆ ಕಿತ್ತಳು. ಅವನ ಮಂಚ ಅವಳ ಅಣ್ಣ ಗವಿಸಿದ್ದಪ್ಪನ ಗಾಡಿಯೇರಿ ಸಿರುಗುಪ್ಪಕ್ಕೆ ಹೋಯಿತು. ಅವನು ಉಣ್ಣುವ ಕಂಚಿನ ಗಂಗಾಳವೂ ಹೋಯಿತು. ಕಡೆಗೆ ಅವನು ಅಂಗಿ ತೂಗುಹಾಕುವ ಮೊಳೆಯನ್ನೂ ಬಿಡಲಿಲ್ಲ. ಕಿತ್ತು, ಆ ತೂತಿಗೆ ಸುಣ್ಣ ಮೆತ್ತಿದಳು. ಇಷ್ಟೆಲ್ಲ ಮಾಡಿ ಅಂತ ವಕೀಲರು ಹೇಳಿರಲೇ ಇಲ್ಲ. ಹೇಳುವವರ್‍ಯಾರು, ಕೇಳುವವರ್‍ಯಾರು?

ಅಲ್ಲಿಂದ ಮುಂದೆ ಉಜ್ಜಿನಪ್ಪ ರಜೆಗೆ ಬಂದರೆ ಸಿರುಗುಪ್ಪದಲ್ಲಿ, ಹೆಂಡತಿಯ ಅಣ್ಣನ ಮನೆಯಲ್ಲಿ ಇಳಿಯುತ್ತಿದ್ದ. ಚನ್ನವೀರಮ್ಮ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿ ಗಂಡನನ್ನು ನೋಡಿಕೊಂಡು ಬರುತ್ತಿದ್ದಳು. ಓಣಿಯವರು ಸುಮ್ಮನಿದ್ದಾರೆಯೇ? ಗಂಡ ಬಿಟ್ಟಾನ ಅಂತ ಗುಸುಗುಸು. ಪಕ್ಕದ ಮನೆಯ ಹಂಪಕ್ಕ ಒಂದು ದಿನ ಕೇಳಿಯೇಬಿಟ್ಟಳು.

"ಏನವ್ವಾ, ಗಂಡ ಊರಿಗೆ ಬಂದ್ರೂ ಮನಿಗೆ ಬರಂಗಿಲ್ಲಲ್ಲ?"

"ಇದು ಅವರ ಮನಿ ಅಲ್ಲವ್ವಾ, ನಂದು," ಎಂದಳು ಚನ್ನವೀರಮ್ಮ. ತೆರಿಗೆಯವರು ಯಾವ ವೇಷದಲ್ಲಿ ಬಂದು ಕೇಳುತ್ತಾರೋ ಎಂಬ ಭಯ. ಹೇಳಿ ಒಳಗೆ ಬಂದು ಗಳಗಳ ಅತ್ತಳು.

ಎಪ್ಪತ್ತೇಳರಲ್ಲಿ ಸರಕಾರ ಬಿತ್ತು. ಊರೆಲ್ಲ ಕುಣಿದಾಡಿತು. ಅವಳು ಮೊದಲ ಬಸ್ಸಿಗೇ ಬಳ್ಳಾರಿಗೆ ಓಡಿದಳು. "ಹೊಸಬರು ಬಂದಾರ ತಾಯಿ. ನೋಡೋಣ," ಎಂದರು ವಕೀಲರು. ಮರುವರ್ಷ ಊರಲ್ಲಿ ನಿಲ್ಲಬಹುದಾದ ದಿನ ಒಂದಿಷ್ಟು ಹೆಚ್ಚಾದವು, ಕಾನೂನಿನಲ್ಲಿ ಮನೆಯ ಮಾತು ಮಾತ್ರ ಹಾಗೇ ಉಳಿಯಿತು. ಅಷ್ಟರಲ್ಲಿ ಮಗಳ ಮದುವೆ ಗೊತ್ತಾಯಿತು. ಹಂದರ ತನ್ನ ಬಾಗಿಲ ಮುಂದೆ ಹಾಕಿಸಬೇಕೆಂದು ಅವಳಿಗೆ ಎಷ್ಟು ಆಸೆಯಿತ್ತೋ! ಹಾಕಿಸಿದ್ದು ಸಿರುಗುಪ್ಪದಲ್ಲಿ. ಹೆತ್ತಪ್ಪನೇ ಕರೆದರೆ ಬಂದ ನೆಂಟನ ಹಾಗೆ ಹಂದರದ ಕಂಬಕ್ಕೆ ಒರಗಿ ನಿಂತಿದ್ದ. ಎಂಬತ್ತರಲ್ಲಿ ಮತ್ತೆ ಸರಕಾರ ಬದಲಾಯಿತು. "ನೋಡೋಣ ತಾಯಿ," ಎಂದರು ವಕೀಲರು. ಆ ಮಾತು ಕೇಳಿದರೆ ಸಾಕು, ಅವಳ ಮೈ ಉರಿಯುತ್ತಿತ್ತು.

ಎಂಬತ್ತೆರಡರಲ್ಲಿ ಕೊನೆಗೂ ವಕೀಲರೇ ಕರೆಸಿ ನಕ್ಕರು. "ಮನಿ ಮಾತು ತಗದು ಹಾಕ್ಯಾರ. ಇನ್ನ ಅವರಿಗಂತ ಹತ್ತು ಮನಿ ಇಡ್ರಿ, ಯಾರೂ ಕೇಳಂಗಿಲ್ಲ."

ಮುಂದಿನ ರಜೆಗೆ ಉಜ್ಜಿನಪ್ಪ ನೇರ ಕುರುಗೋಡಿಗೇ ಬಂದ. ಚನ್ನವೀರಮ್ಮ ಮನೆಗೆ ಸುಣ್ಣ ಬಳಿದು, ಅಂಗಳ ಸಾರಿಸಿ, ಹೋಳಿಗೆಗೆ ಕಡಲೆಬೇಳೆ ಬೇಯಲಿಟ್ಟು ಕಾದಿದ್ದಳು. ಅವನು ಹೊಸ್ತಿಲಲ್ಲಿ ನಿಂತು, "ಬರ್ಲ್ಯಾ?" ಎಂದ. ತಮಾಷೆಗೆ ಅಂದನೋ ಏನೋ, ಅವಳಿಗೆ ತಿಳಿಯಲಿಲ್ಲ.

"ಅಯ್ಯ, ಕೇಳೋದೇನ್ರಿ! ಬರ್ರಿ ಒಳಗ."

ಸ್ನಾನ ಮಾಡಿ ಬಂದವನು ಒದ್ದೆ ಟವೆಲ್ ಹಿಡಿದು ಗೋಡೆಯುದ್ದಕ್ಕೂ ಕಣ್ಣಾಡಿಸಿದ. ಮೊಳೆ ಇರಲಿಲ್ಲ. ಟವೆಲ್ಲನ್ನು ಹಾಗೇ ಮಡಚಿ ಪೆಟ್ಟಿಗೆಯ ಮೇಲಿಟ್ಟ. ಗಂಗಾಳ ಸಿರುಗುಪ್ಪದಿಂದ ತರಿಸುವುದನ್ನು ಅವಳು ಮರೆತಿದ್ದಳು. ನೆಂಟರಿಗೆ ಬಡಿಸುವ ಸ್ಟೀಲ್ ತಟ್ಟೆಯಲ್ಲೇ ಬಡಿಸಿದಳು. ಅವನು ತಲೆ ಎತ್ತದೆ ಉಣ್ಣುತ್ತಿದ್ದ. ಆಗ ಹಂಪಕ್ಕ ಹೊರಗಿನಿಂದ ಕೂಗಿದಳು.

"ಏ ಚನ್ನವೀರವ್ವಾ, ಬಾಗಿಲದಾಗ ಗಂಡಸರ ಚಪ್ಪಲಿ ಅದಾವಲ್ಲ, ಯಾರು ಬಂದಾರ?"

"ಯಾರಿಲ್ಲವ್ವಾ, ಸಿರುಗುಪ್ಪದಿಂದ ಮಂದಿ ಬಂದಾರ," ಎಂದುಬಿಟ್ಟಳು ಚನ್ನವೀರಮ್ಮ.

ಆರು ವರ್ಷ ನಾಲಿಗೆಯನ್ನು ಕಾವಲಿಟ್ಟವಳು. ಮಾತು ತಾನೇ ಜಾರಿ ಬಂದಿತ್ತು. ತುತ್ತು ಹಿಡಿದ ಅವನ ಕೈ ತಟ್ಟೆಯ ಮೇಲೆಯೇ ನಿಂತಿತು. ಅವಳು ಬಾಗಿಲಿಗೆ ಓಡಿ, ಓಣಿಗೆಲ್ಲ ಕೇಳುವ ಹಾಗೆ ಕಿರುಚಿದಳು: "ಹಂಪಕ್ಕಾ! ನನ್ನ ಗಂಡ ಬಂದಾರ! ಅವರ ಮನಿಗೆ ಅವರು ಬಂದಾರ!"

ಹಂಪಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನಿಂದಾ ಮನಿ ಅಂತಿದ್ದೆಲ್ಲವ್ವಾ!"

ಅವಳು ಒಳಗೆ ಬಂದಾಗ ಉಜ್ಜಿನಪ್ಪ ಕೈ ತೊಳೆದುಕೊಂಡು ಪೆಟ್ಟಿಗೆಯ ಪಕ್ಕ ಕೂತಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ, ಸಿಟ್ಟಾದರೂ ಇದ್ದಿದ್ದರೆ ಅವಳು ಜಗಳವಾಡಿ ಬಗೆಹರಿಸಿಕೊಳ್ಳುತ್ತಿದ್ದಳು.

"ಲೇ ಚನ್ನವೀರಿ, ಸಿರುಗುಪ್ಪಕ್ಕ ಸಂಜಿ ಬಸ್ಸು ಎಷ್ಟೊತ್ತಿಗೆ ಐತಿ?"

"ಬಸ್ಸು ಯಾಕ್ರಿ? ಇನ್ನ ಯಾರ ಹೆದರಿಕಿನೂ ಇಲ್ಲ. ಮೊಳಿ ಈಗಲೇ ಹೊಡೀತೀನಿ, ಮಂಚ ನಾಳೆ ತರಿಸ್ತೀನಿ. ಇಲ್ಲೇ ಇರ್ತೀರಲ್ರಿ?"

ಅವನು ಸುಣ್ಣ ಮೆತ್ತಿದ ಗೋಡೆಯನ್ನೊಮ್ಮೆ ನೋಡಿದ. ಆಮೇಲೆ ಟವೆಲ್ಲನ್ನು ಪೆಟ್ಟಿಗೆಯೊಳಗೆ ಇಟ್ಟುಕೊಂಡ.

"ನೋಡೋಣ," ಎಂದ.